ರುಮಾಲಿಗೆ ತಾಗದ ಕಾರು

ಹೊಸ ಕಾರಿನ ಬಾಗಿಲು ತೆಗೆದ ಕೂಡಲೇ ಒಂದು ವಾಸನೆ ಬರುತ್ತದೆ, ನಿಮಗೂ ಗೊತ್ತಿರಬೇಕು. ಪ್ಲಾಸ್ಟಿಕ್ಕು, ಅಂಟು, ಫೋಮು, ಇನ್ನೂ ಯಾರ ಬೆವರೂ ಹತ್ತದ ಬಟ್ಟೆ, ಎಲ್ಲ ಕೂಡಿದ ವಾಸನೆ. ನಮ್ಮ ರಾಯಚೂರು ಬಿಸಿಲಿನಲ್ಲಿ ಒಂದಿಷ್ಟು ಹೊತ್ತು ನಿಂತ ಗಾಡಿಯಾದರೆ ಬಾಗಿಲು ತೆಗೆದವನ ಮುಖಕ್ಕೇ ಬಡಿಯುತ್ತದೆ. ಕಾರಿನ ಸೀಟು ಹೊಲಿಯುವ ಕುಶನ್ ಅಂಗಡಿ ಇಟ್ಟವನು ನಾನು. ಈ ವಾಸನೆಯಲ್ಲೇ ನನ್ನ ಕೂದಲು ಬೆಳ್ಳಗಾಗಿದೆ.

ಮೊನ್ನೆ ಮಾನ್ವಿಯಿಂದ ಒಬ್ಬ ನರ್ಸಮ್ಮ ಬಂದಿದ್ದಳು. ಸರ್ಕಾರಿ ನೌಕರಿ, ಸ್ವಂತ ದುಡಿಮೆಯ ಹೊಸ ಕಾರು. ಕೊರಿಯಾ ಕಂಪನಿಯದು. ಬಾನೆಟ್ಟಿನ ಮೇಲೆ ಪೂಜೆಯ ಅರಿಷಿಣ ಇನ್ನೂ ಇತ್ತು, ಚಕ್ರದ ಬುಡದಲ್ಲಿ ಚಪ್ಪಟೆಯಾದ ನಿಂಬೆಹಣ್ಣಿನ ತುಣುಕು ಅಂಟಿತ್ತು. ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಗೆ ನಾನು ಕೈ ಹಾಕುವುದರೊಳಗೆ ಆಕೆ ಅಡ್ಡ ಬಂದಳು.

"ಅಣ್ಣಾರ, ಅದು ಇರ್ಲಿ ಬಿಡ್ರಿ. ಅದರ ಮ್ಯಾಲೇ ಕವರ್ ಹಾಕ್ರಿ."

"ಬೆನ್ನು ಬೇಯ್ತದ್ರೀ ಯವ್ವಾ, ನಮ್ಮ ಬಿಸಲಾಗ."

"ಬೇಯ್ಲಿ ಬಿಡ್ರಿ. ಹೊಸಾದು ಹೊಸಾದಾಗೇ ಇರ್ಬೇಕು."

ಎಲ್ಲ ಗಿರಾಕಿಗಳದೂ ಇದೇ ಮಾತು. ಪ್ಲಾಸ್ಟಿಕ್ ತಗಿಬ್ಯಾಡ್ರಿ. ವರ್ಷಗಟ್ಟಲೆ ಪರಪರ ಸದ್ದು ಮಾಡುವ ಹಾಳೆಯ ಮೇಲೆ ಬೆವರು ಸುರಿಸುತ್ತ ಕೂರುತ್ತಾರೆ, ಆದರೆ ತೆಗೆಯುವುದಿಲ್ಲ. ನಾನು ಅವರಿಗೆಲ್ಲ ಬೈಯುತ್ತೇನೆ, ನಗುತ್ತ ಬೈಯುತ್ತೇನೆ. ಆ ದಿನವೂ ಬಾಯಿ ತೆರೆದೆ. ಅಷ್ಟರಲ್ಲಿ ಬೇವಿನ ಗಿಡದ ನೆರಳಿನಲ್ಲಿ ನಿಂತ ನನ್ನ ಹಳೆಯ ಗಾಡಿಯ ಮೇಲೆ ಕಣ್ಣು ಬಿತ್ತು. ಅದರ ಮುಂದಿನ ಎಡಗಡೆ ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊಳೆಯುತ್ತಿತ್ತು. ನನ್ನ ಕೈಯಿಂದಲೇ ಹಾಸಿದ್ದು. ಬೈಗುಳ ಬಿಟ್ಟು ಕವರಿನ ಬಟ್ಟೆ ಕೈಗೆತ್ತಿಕೊಂಡೆ.

ಆ ಗಾಡಿಯ ಕತೆ ಹೇಳಬೇಕು.

ನಾನು ಓದಿದ್ದು ಏಳನೇ ಕ್ಲಾಸಿನ ತನಕ. ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಕೈಯಲ್ಲಿ ಸೂಜಿ ಹಿಡಿದ ಮೇಲೆ ಯಾರ ಮುಂದೆಯೂ ಕೈ ಚಾಚಿಲ್ಲ. ಓದಿದವನು ನಮ್ಮ ಮಾವ, ಅವ್ವನ ತಮ್ಮ. ಹೊಲದ ಬದುವಿನ ಮೇಲೆ ಕುಳಿತು ಓದಿ, ದೇವದುರ್ಗದಲ್ಲಿ ಹೈಸ್ಕೂಲ್ ಮಾಸ್ತರನಾದ. ನಮ್ಮ ಮಂದಿಯಲ್ಲಿ ಮೊದಲು ಕಾರು ಕೊಂಡವನೂ ಅವನೇ. ಆ ಕಾಲಕ್ಕೆ ಕಾರು ಅಂದರೆ ಒಂದೇ ಕಂಪನಿ, ಬೇರೆಯದು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಮಾವ ಹೋಗಿ ಹೋಗಿ ಕೊರಿಯಾದವರ ಗಾಡಿ ತಂದ. ಮೈ ಗಿಡ್ಡ, ತಲೆ ಎತ್ತರ, ಮುಂದೆ ಎರಡು ದುಂಡು ಕಣ್ಣು. ಆಗ ನಾನು ರಾಯಚೂರಿನ ಒಂದು ಕುಶನ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಆ ಗಾಡಿ ಅಂಗಡಿಗೆ ಬಂದ ದಿನ ನಮ್ಮ ಮಾಲಕರು ಸುತ್ತು ಹೊಡೆದು ನೋಡಿ, "ಏನ್ರೀ ಮಾಸ್ತರ, ಕಪ್ಪಿ ತಂದೀರಲ್ಲ! ಕೊರಿಯಾದೋರು ನಾಳೆ ಗಂಟು ಕಟ್ಟಿಕೊಂಡು ಹೋದ್ರ ಸಾಮಾನು ಎಲ್ಲಿಂದ ತರ್ತೀರಿ?" ಅಂದಿದ್ದರು.

ಮಾವ ಪಾಠ ಹೇಳುವ ದನಿಯಲ್ಲೇ ಉತ್ತರ ಕೊಟ್ಟ. "ಚೆನ್ನೈ ಕಡಿ ಫ್ಯಾಕ್ಟರಿ ಹಾಕ್ಯಾರ್ರೀ. ಅಷ್ಟು ಸಿಮೆಂಟು ಸುರದೋರು ಹಂಗ ಎದ್ದು ಹೋಗಂಗಿಲ್ಲ."

ಅವರು ಹೋಗಲಿಲ್ಲ. ಈಗ ರಾಯಚೂರಿನ ಯಾವ ರಸ್ತೆಗೆ ಬೇಕಾದರೂ ಹೋಗಿ ನಿಲ್ಲಿ, ಕಣ್ಣಿಗೆ ಮೊದಲು ಬೀಳುವ ಗಾಡಿಗಳಲ್ಲಿ ಅವರದೊಂದು ಇದ್ದೇ ಇರುತ್ತದೆ. ಕಪ್ಪೆ ಅಂದವರು ನಮ್ಮ ಮಾಲಕರು, ಅವರ ಮಗನೇ ಇವತ್ತು ಆ ಕಂಪನಿಯ ದೊಡ್ಡ ಗಾಡಿಯಲ್ಲಿ ಓಡಾಡುತ್ತಾನೆ. ಕೊಂಡವರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಡಾಕ್ಟರು ಏಸಿ ಹೊಗಳುತ್ತಾರೆ, ಮೇ ತಿಂಗಳ ಮಧ್ಯಾಹ್ನದಲ್ಲೂ ಒಳಗೆ ಕುಳಿತರೆ ಚಾದರ ಬೇಕು ಅನ್ನುತ್ತಾರೆ. ಸ್ಟೇರಿಂಗ್ ಬೆಣ್ಣೆ ಹಾಂಗದ ಅಂತ ಟೀಚರಮ್ಮಗಳು ಅನ್ನುತ್ತಾರೆ. ಭತ್ತದ ವ್ಯಾಪಾರಿಗಳಿಗೆ ಮಾತ್ರ ಅಸಮಾಧಾನ: "ತಗಡು ತೆಳುವು ರೀ, ಕಾಲುವಿ ದಾರಿಗೆ ಹೊಟ್ಟಿ ನೆಲಕ್ಕ ಹತ್ತತದ, ಸಾಮಾನು ತುಟ್ಟಿ." ಇಷ್ಟು ಬೈದವರೇ ಮುಂದಿನ ಸಲ ಮತ್ತೆ ಅದೇ ಕಂಪನಿಯ ಗಾಡಿಯನ್ನು ನನ್ನ ಅಂಗಡಿ ಮುಂದೆ ತಂದು ನಿಲ್ಲಿಸುತ್ತಾರೆ. ಮನುಷ್ಯ ತನ್ನ ಹೆಂಡತಿಯನ್ನೂ ತನ್ನ ಕಾರನ್ನೂ ಬೈಯುವ ಹಕ್ಕು ತನಗೊಬ್ಬನಿಗೇ ಅಂದುಕೊಂಡಿರುತ್ತಾನೆ. ಎದುರಿಗಿದ್ದವನು ಹೌದ್ರೀ ಅಂದನೋ, ಸಿಟ್ಟು ಬರುತ್ತದೆ.

ಮಾತು ಎಲ್ಲಿಗೋ ಹೋಯಿತು. ನಮ್ಮ ಹುಟ್ಟೂರು ಪೋತ್ನಾಳ. ಅಪ್ಪ ದುರುಗಪ್ಪ, ಅಲ್ಲಿಯ ಸಾವುಕಾರರ ಅಕ್ಕಿ ಮಿಲ್ಲಿನಲ್ಲಿ ಹಮಾಲಿ. ಚೀಲ ಹೊತ್ತು ಹೊತ್ತು ಎಡಭುಜ ಬಲಭುಜಕ್ಕಿಂತ ಇಳಿದಿತ್ತು. ಆದರೆ ತಲೆಯ ಮೇಲಿನ ರುಮಾಲು ಮಾತ್ರ ಯಾವಾಗಲೂ ಬಿಳಿಯದು, ಅವ್ವ ನೀಲಿ ಹಾಕಿ ಒಗೆದದ್ದು. ಮಿಲ್ಲಿನ ಗೇಟು ದಾಟುವಾಗ ಅದನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಹಮಾಲರೆಲ್ಲ ಹಾಗೇ ಮಾಡುತ್ತಿದ್ದರು. ಹೀಗೆ ಮಾಡಿರಿ ಅಂತ ಯಾರೂ ಹೇಳಿದ್ದಿಲ್ಲ.

ಚೀಕಲಪರ್ವಿಯಲ್ಲಿ ನಮ್ಮವರದೊಂದು ಮದುವೆ. ಮಾವ ಹೊಸ ಗಾಡಿ ತೆಗೆದುಕೊಂಡು ನಮ್ಮನ್ನೆಲ್ಲ ಕರೆದುಕೊಂಡು ಹೋಗಲು ಪೋತ್ನಾಳಕ್ಕೆ ಬಂದ. ಚಹಾ ಹೋಟೆಲಿನ ಎದುರು ನಿಲ್ಲಿಸಿದ. ಅಷ್ಟು ಮಂದಿ ನಿಂತು ನೋಡುತ್ತಿದ್ದರು. ಅವ್ವ, ನಾನು ಹಿಂದಿನ ಸೀಟಿನಲ್ಲಿ ಕುಳಿತಾಯಿತು. ಅಪ್ಪನಿಗಾಗಿ ಮಾವ ಮುಂದಿನ ಬಾಗಿಲು ತೆಗೆದು ಹಿಡಿದು ನಿಂತಿದ್ದ. ಅಪ್ಪ ಆ ಬಾಗಿಲು ನೋಡಲೇ ಇಲ್ಲ. ರುಮಾಲು ಬಿಚ್ಚಿದ, ಕಂಕುಳಲ್ಲಿ ಇಟ್ಟುಕೊಂಡ, ಸೀದಾ ಗಾಡಿಯ ಬೆನ್ನಿಗೆ ಹೋಗಿ ಡಿಕ್ಕಿಯ ಬಾಗಿಲಿಗೆ ಕೈ ಹಾಕಿ ಎತ್ತತೊಡಗಿದ.

ಸಾವುಕಾರರ ಜೀಪಿನಲ್ಲಿ ಹಮಾಲರು ಹತ್ತುವುದು ಅಲ್ಲಿಂದಲೇ. ಹಿಂದಿನ ಬಾಗಿಲು ತೆಗೆದು, ಚೀಲಗಳ ನಡುವೆ ಮೊಣಕಾಲು ಮಡಚಿಕೊಂಡು ಕೂರುವುದು. ಅಪ್ಪನಿಗೆ ಗಾಡಿ ಅಂದರೆ ಅದೇ.

ಹೋಟೆಲಿನ ಮುಂದೆ ನಗೆ ಎದ್ದಿತು. ಯಾರೋ ಕೂಗಿದರು, "ಏ ದುರುಗಪ್ಪಾ, ಚೀಲ ಆಗಿ ಹೊಂಟಿಯೇನಲೇ? ತೂಕ ಮಾಡಿಸಿ ಹತ್ತು!"

ಅಪ್ಪನೂ ನಕ್ಕ. ಮೆಲ್ಲಗೆ ಕೈ ತೆಗೆದ. ರುಮಾಲನ್ನು ಮತ್ತೆ ತಲೆಗೆ ಸುತ್ತಿಕೊಂಡ, ಅವಸರವಿಲ್ಲದೆ, ಒಂದೊಂದೇ ಸುತ್ತು. "ನೀವು ನಡೀರಿ ಮಾಸ್ತರ. ನನಗ ಕಾರಿನ ಗಾಳಿ ಆಗಂಗಿಲ್ಲ, ತಲಿ ತಿರಗತದ. ಬಸ್ಸಿಗೆ ಬರ್ತೀನಿ."

"ಭಾವಾ, ಬಾ ಇಲ್ಲಿ, ಮುಂದ ಕುಂದ್ರು ಬಾ."

"ಬಸ್ಸಿಗೆ ಬರ್ತೀನಿ ಅಂದೆನಲ್ಲ."

ಬಸ್ಸಿಗೇ ಬಂದ. ನಾವು ಗಾಡಿಯಲ್ಲಿ ಮಾನ್ವಿ ದಾಟಿದೆವು. ಆಮೇಲೆ ಮಾವ ಕನ್ನಡಿಯಲ್ಲಿ ನನ್ನ ಮುಖ ನೋಡಿ ಹೇಳಿದ, "ನಗಬ್ಯಾಡಲೇ. ನಿಮ್ಮಪ್ಪಗ ಇಲ್ಲೀತನಾ ಯಾರೂ ಬ್ಯಾರೆ ಬಾಗಲಾ ತೋರಿಸಿಲ್ಲ." ನಾನು ನಗುತ್ತಿರಲಿಲ್ಲ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಅಂದಿನಿಂದ ಅಪ್ಪ ಯಾರ ಕಾರಿನಲ್ಲೂ ಕೂರಲಿಲ್ಲ. ಮಾವ ಎಷ್ಟು ಸಲ ಕರೆದರೂ ಅದೇ ಮಾತು, ತಲಿ ತಿರಗತದ. ದಿನವೂ ಲಾರಿಯ ಮೇಲೆ ಹತ್ತಿ ಇಳಿಯುವವನಿಗೆ ಕಾರಿನ ಗಾಳಿ ಆಗುವುದಿಲ್ಲವಂತೆ! ನನಗೂ ಒಂದು ಹಟ ಹುಟ್ಟಿತು. ಅಪ್ಪನನ್ನು ರುಮಾಲು ಸಮೇತ ಮುಂದಿನ ಸೀಟಿನಲ್ಲಿ ಕೂರಿಸಬೇಕು, ಅದೂ ನನ್ನ ಗಾಡಿಯಲ್ಲಿ, ನಾನು ಹೊಲಿದ ಸೀಟಿನಲ್ಲಿ.

ಬೇರೆಯವರ ಅಂಗಡಿ ಬಿಟ್ಟು ನನ್ನದು ಹಾಕಿದೆ. ಮಾವ ಅದೇ ಕಂಪನಿಯ ದೊಡ್ಡ ಗಾಡಿ ಕೊಂಡಾಗ ಹಳೆಯದು ನನಗೆ ಬಂತು. ಬಣ್ಣ ಮಾಸಿತ್ತು, ಎಂಜಿನ್ ಮಾತ್ರ ದಣಿದಿರಲಿಲ್ಲ. ಸೀಟುಗಳನ್ನೆಲ್ಲ ಬಿಚ್ಚಿ ಹಾಕಿದೆ. ಮುಂದಿನ ಎಡ ಸೀಟಿಗೆ ಅಪ್ಪನ ಬೆನ್ನಿನ ಅಳತೆ ಬೇಕು. ಕೇಳಿದರೆ ಕೊಡುವ ಮನುಷ್ಯನಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಅಪ್ಪ ಒರಗುತ್ತಿದ್ದುದು ಭತ್ತದ ಹೊಟ್ಟು ತುಂಬಿದ ಒಂದು ಗೋಣಿಚೀಲಕ್ಕೆ. ಆತ ಎದ್ದು ಹೋದ ಮೇಲೂ ಅದರಲ್ಲಿ ತಗ್ಗು ಉಳಿಯುತ್ತಿತ್ತು, ಎಡಗಡೆ ಆಳ, ಬಲಗಡೆ ತೆಳು. ಆ ತಗ್ಗಿಗೆ ಕೈ ಊರಿ, ಕಾಗದ ಒತ್ತಿ, ಅಳತೆ ತೆಗೆದೆ. ಫೋಮನ್ನು ಹಾಗೆಯೇ ಕತ್ತರಿಸಿದೆ. ನನ್ನ ಜನ್ಮದಲ್ಲಿ ಅಷ್ಟು ಜೋಕೆಯಿಂದ ಇನ್ನೊಂದು ಸೀಟು ಮಾಡಿಲ್ಲ.

ಪೋತ್ನಾಳಕ್ಕೆ ತೆಗೆದುಕೊಂಡು ಹೋಗಿ ಮನೆ ಮುಂದೆ ನಿಲ್ಲಿಸಿದೆ. ಅಪ್ಪ ಸುತ್ತು ಬಂದ. ಕಿಟಕಿಯಿಂದ ಕೈ ಹಾಕಿ ಸೀಟಿನ ಹೊಲಿಗೆ ಸವರಿದ.

"ಹೊಲಗಿ ಛಲೋ ಅದ," ಅಂದ.

"ಕುಂತು ನೋಡು ಯಪ್ಪಾ."

"ನೋಡಿದೆನಲ್ಲ."

ಮುಗಿಯಿತು. ನಾನೂ ಆತನ ಮಗನೇ, ಇನ್ನೊಮ್ಮೆ ಕರೆಯಲಿಲ್ಲ. ಗಾಡಿ ಬರುತ್ತಿತ್ತು, ಹೋಗುತ್ತಿತ್ತು. ಅಪ್ಪ ಕಟ್ಟೆಯ ಮೇಲೆ ಹೊಟ್ಟಿನ ಚೀಲಕ್ಕೆ ಒರಗಿ ನೋಡುತ್ತಿದ್ದ. ನಾನು ಅಪ್ಪನ ಕಡೆ ನೋಡದ ಹಾಗೆ ನೋಡುತ್ತಿದ್ದೆ.

ಅಪ್ಪ ಮಿಲ್ಲು ಬಿಟ್ಟು ಕೆಲ ವರ್ಷಗಳಾಗಿದ್ದವು. ಸಾವುಕಾರರು ಬಚ್ಚಲಲ್ಲಿ ಜಾರಿಬಿದ್ದು ಹಾಸಿಗೆ ಹಿಡಿದಿದ್ದಾರೆ, ಈಗೀಗ ಎದ್ದು ಕೂರುತ್ತಾರೆ ಅಂತ ಸುದ್ದಿ ಬಂತು. ಒಂದು ಭಾನುವಾರ ನಾನು ಊರಿಗೆ ಹೋದಾಗ ಅಪ್ಪ ಒಗೆದ ಧೋತರ ಉಟ್ಟು, ರುಮಾಲು ಸುತ್ತಿ ತಯಾರಾಗಿ ಕುಳಿತಿದ್ದ.

"ಸಾವುಕಾರ್ರನ್ನ ಮಾತಾಡಿಸಿ ಬರ್ಬೇಕು. ಕಾರು ತಗಿ."

ಅವರ ಮನೆ ಮಿಲ್ಲಿಗೇ ಅಂಟಿಕೊಂಡಿದೆ. ನಡೆದರೆ ಒಂದು ಬೀಡಿ ಸೇದುವಷ್ಟು ದಾರಿ. ನನ್ನ ನಾಲಿಗೆ ಸುಮ್ಮನಿರಬೇಕಲ್ಲ, "ಯಾಕ, ತಲಿ ತಿರಗಂಗಿಲ್ಲೇನು?" ಅಂದೆ.

"ತಿರಗ್ಲಿ. ಆ ಗೇಟಿನಾಗ ಒಮ್ಮಿ ಇದರಾಗ ಕುಂತು ಹೋಗ್ಬೇಕು."

ಮುಂದಿನ ಬಾಗಿಲನ್ನು ತಾನೇ ತೆಗೆದ. ಕುಳಿತ. ಬೆನ್ನು ಸೀಟಿಗೆ ಊರಿದ. ಎಡಭುಜ ಫೋಮಿನ ತಗ್ಗಿನೊಳಗೆ ಹೋಗಿ ಕುಳಿತದ್ದು ನನಗೆ ಕಂಡಿತು. ಅಪ್ಪ ಕಣ್ಣೆತ್ತಿ ಗಾಡಿಯ ಚಾವಣಿ ನೋಡಿದ, ರುಮಾಲಿನ ಮೇಲೆ ಅಂಗೈ ಇಟ್ಟು ನೋಡಿಕೊಂಡ. ಇನ್ನೂ ನಾಲ್ಕು ಬೆರಳು ಜಾಗ ಇತ್ತು.

ಗೇಟಿನ ಹೊರಗೆ ನಾನು ನಿಲ್ಲಿಸಹೋದೆ. "ಒಳಗ ನಡಿ," ಅಂದ. ಚೀಲ ಹೊರುತ್ತಿದ್ದ ಕಟ್ಟೆ ದಾಟಿ, ತೂಕದ ಕಾಟಾ ದಾಟಿ, ಪಡಸಾಲೆಯ ಮುಂದೆ ನಿಲ್ಲಿಸಿದೆ. ಸಾವುಕಾರರು ಕುರ್ಚಿಯಲ್ಲಿದ್ದರು, ಕಾಲ ಮೇಲೆ ಕಂಬಳಿ. ಕಣ್ಣಿಗೆ ಕೈ ಅಡ್ಡ ಹಿಡಿದು, "ಯಾರಪಾ ಅದು?" ಅಂದರು.

ಅಪ್ಪ ಇಳಿದ. ಅಭ್ಯಾಸದ ಕೈ ತಾನಾಗಿ ತಲೆಗೆ ಹೋಯಿತು. ಆ ಕೈ ರುಮಾಲಿನ ಅಂಚು ಹಿಡಿಯಿತು, ಸ್ವಲ್ಪ ಸರಿಮಾಡಿತು, ಕೆಳಗೆ ಬಂತು.

"ನಾನ್ರೀ, ದುರುಗಪ್ಪ. ಹೆಂಗದೀರಿ, ನೋಡಿ ಹೋಗೂನಂತ ಬಂದೆ."

ಸಾವುಕಾರರು ಕೆಟ್ಟ ಮನುಷ್ಯರಲ್ಲ. ಒಂದು ಗಳಿಗೆ ಅಪ್ಪನನ್ನು ನೋಡಿದರು, ರುಮಾಲು ನೋಡಿದರು, ಒಳಗೆ ಕೂಗಿ ಕುರ್ಚಿ ತರಿಸಿದರು. ಅಪ್ಪ ಕುಳಿತ. ಕಾಲಿನ ನೋವು, ಮಳೆ, ಸತ್ತುಹೋದ ಹಮಾಲರು, ಇಂಥ ಮಾತಾಯಿತು. ಚಹಾ ಬಂತು. ಆಮೇಲೆ ಅವರು ಗಾಡಿಯ ಕಡೆ ಗದ್ದ ಚಾಚಿ ಕೇಳಿದರು, "ನಮ್ಮ ಮೊಮ್ಮಗನೂ ಕೊರಿಯಾದ್ದೇ ತಗೋತೀನಂತ ಕುಂತಾನ. ಹೆಂಗದ ದುರುಗಪ್ಪಾ, ಗಾಡಿ?"

ಊರಲ್ಲಿ ಇಷ್ಟು ಮಂದಿ ಕಾರು ಇಟ್ಟವರಿದ್ದಾರೆ. ಅವರನ್ನು ಬಿಟ್ಟು ಅಪ್ಪನನ್ನು ಕೇಳಿದರು. ಕಾರಿನವನನ್ನು ಕಾರಿನವನು ಕೇಳುವ ಹಾಗೆ ಕೇಳಿದರು. ಅಪ್ಪ ಅವಸರ ಮಾಡಲಿಲ್ಲ. ಕಪ್ಪು-ಬಸಿಯಲ್ಲಿ ಉಳಿದ ಚಹಾ ಮುಗಿಸಿ, ಕೆಳಗಿಟ್ಟು, ಹೇಳಿದ.

"ಛಲೋ ಅದರೀ. ರುಮಾಲಿಗೆ ತಾಗಂಗಿಲ್ಲ."

ಈ ಕಾರಿನ ಬಗ್ಗೆ ನಾನು ಎಷ್ಟೋ ಜನರ ಬಾಯಿಂದ ಎಷ್ಟೋ ಮಾತು ಕೇಳಿದ್ದೇನೆ. ಇದಕ್ಕಿಂತ ದೊಡ್ಡ ಮಾತು ಕೇಳಿಲ್ಲ.

ಆಮೇಲೆ ಆ ಸೀಟು ಅಪ್ಪನದಾಯಿತು. ಸಂತೆಗೆ, ಮದುವೆಗೆ, ಬೇನೆ ಬಿದ್ದವರನ್ನು ಮಾತಾಡಿಸಲು, ಎಲ್ಲಿಗೆ ಹೋದರೂ ಮುಂದೆ ಅಪ್ಪ. ನನ್ನ ಹೆಂಡತಿ ಹಿಂದೆ. ಅಪ್ಪ ತೀರಿಹೋದ ವರ್ಷ ಆ ಸೀಟಿಗೆ ಪ್ಲಾಸ್ಟಿಕ್ ಹಾಸಿದೆ. ತಗ್ಗು ಅಳಿಸಬಾರದು ಅಂತ. ಯಾರನ್ನೂ ಕೂರಿಸಲಿಲ್ಲ. ಹೆಂಡತಿ ಹಿಂದೆಯೇ ಕೂರುತ್ತ ಬಂದಳು. ಶೋರೂಮಿನವರು ಫೋನ್ ಮಾಡುತ್ತಾರೆ, ಹಳೇದು ಕೊಟ್ಟು ಹೊಸದು ಒಯ್ಯಿರಿ ಅಂತ. ನಾನು ಆರ್‌ಟಿಓದಲ್ಲಿ ಪಾಸಿಂಗ್ ಮತ್ತೊಮ್ಮೆ ಮಾಡಿಸಿ ಇಟ್ಟುಕೊಂಡಿದ್ದೇನೆ.

ನರ್ಸಮ್ಮನ ಕೆಲಸ ಮುಗಿಯುವಾಗ ಸಂಜೆಯಾಗಿತ್ತು. ಪ್ಲಾಸ್ಟಿಕ್ಕಿನ ಮೇಲೆಯೇ ಕವರು ಹಾಕಿಕೊಟ್ಟೆ. ಬೈಯಲಿಲ್ಲ. ಆಕೆ ಹೋದ ಮೇಲೆ ಕತ್ತರಿ ತೆಗೆದುಕೊಂಡು ಬೇವಿನ ಗಿಡದ ಕಡೆ ಹೋದೆ. ಬಿಸಿಲಿಗೆ ಹಾಳೆ ಒಣಗಿ ಬಿರುಸಾಗಿತ್ತು, ಸೀಟಿಗೆ ಅಂಟಿಕೊಂಡಿತ್ತು. ಅಂಚು ಕತ್ತರಿಸಿ ಎಳೆದೆ. ಒಳಗಿಂದ ಹೊಸ ವಾಸನೆ ಬರಲಿಲ್ಲ. ಹಳೆಯ ಬಟ್ಟೆಯ, ಮುಗ್ಗಿದ ಫೋಮಿನ ವಾಸನೆ ಬಂತು. ಅಪ್ಪನ ವಾಸನೆ ಉಳಿದಿರಬಹುದು ಅಂದುಕೊಂಡಿದ್ದೆ. ಉಳಿದಿರಲಿಲ್ಲ. ತಗ್ಗು ಮಾತ್ರ ಇತ್ತು.

ಅವತ್ತು ಕಲ್ಲೂರಿಗೆ ಹೋಗುವುದಿತ್ತು, ಹೆಂಡತಿಯ ತವರು ಅದು. ರಾಯಚೂರಿನ ನಮ್ಮ ಮನೆ ಮುಂದೆ ಹಾರ್ನ್ ಹಾಕಿದೆ. ಆಕೆ ಚೀಲ ಹಿಡಿದು ಬಂದಳು, ಸೀದಾ ಹೋಗಿ ಹಿಂದಿನ ಬಾಗಿಲಿಗೆ ಕೈ ಹಾಕಿದಳು.

ಆ ಕೈಯನ್ನು ಕನ್ನಡಿಯಲ್ಲಿ ನೋಡಿದೆ. ಪೋತ್ನಾಳದ ಹೋಟೆಲಿನ ಮುಂದೆ ಡಿಕ್ಕಿ ಎತ್ತುತ್ತಿದ್ದ ಇನ್ನೊಂದು ಕೈ ನೆನಪಾಯಿತು. ಒಳಗಿನಿಂದಲೇ ಬಾಗಿ ಮುಂದಿನ ಬಾಗಿಲು ತೆಗೆದೆ.

"ಇಲ್ಲಿ ಬಾ."

"ಅದು ನಿಮ್ಮ ಅಪ್ಪನವ್ರ ಜಾಗಾ ರೀ."

"ಗೊತ್ತದ. ಕುಂದ್ರು."

ನಿಂತಳು. ನನ್ನ ಮುಖ ನೋಡಿದಳು. ಆಮೇಲೆ ಬಂದು, ಸೀರೆ ಒತ್ತಿಕೊಂಡು, ಸೀಟಿನ ಅಂಚಿಗೆ ಕುಳಿತಳು. ಊರು ದಾಟಿ ರಸ್ತೆ ಬಯಲಿಗೆ ಬಿದ್ದ ಮೇಲೆ ಮೆಲ್ಲಗೆ ಹಿಂದಕ್ಕೆ ಒರಗಿದಳು. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸರಿದಳು.

"ಎಡಕ್ಕ ತಗ್ಗದ್ರೀ ಇದು. ಬೆನ್ನಿಗೆ ಹೊಂದಾಣಿಕಿ ಆಗವಲ್ದು."

"ನಾಳೆ ಬಿಚ್ಚತೀನಿ," ಅಂದೆ. "ನಿನ್ನ ಅಳತಿ ಕೊಡು."