ಆಂಟಿಯ ಸೀಗಡಿ ಕಡುಬು

ನಾಲ್ಕೇ ನಾಲ್ಕು ಸೀಗಡಿ ಕಡುಬಿಗೆ ಮುನ್ನೂರ ಇಪ್ಪತ್ತು ರೂಪಾಯಿ. ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ನಾನು ಸುಮ್ಮನಿರುತ್ತೇನೆಯೇ? "ಇನ್ನೂರಕ್ಕೆ ಕೊಡಿ ಆಂಟಿ" ಎಂದೆ. ಅವರು ಬಿದಿರಿನ ಬುಟ್ಟಿಯಿಂದ ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ತೆಳು ಹೊದಿಕೆಯೊಳಗೆ ಸೀಗಡಿಯ ನಸುಗೆಂಪು ಕಾಣುತ್ತಿತ್ತು. ಒಂದು ಬದಿಗೆ ಹನ್ನೊಂದು ಸಣ್ಣ ನೆರಿಗೆ.

"ಒಳಗಿರೋದು ಕಾಣ್ತಿದ್ಯಾ? ಕಾಣ್ಲಿಲ್ಲ ಅಂದ್ರೆ ಚೌಕಾಸಿ ಮಾಡು."

ಪೂರ್ತಿ ದುಡ್ಡು ಕೊಟ್ಟೆ.

ಆಂಟಿ ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮನೆತನದವರು; ಅಜ್ಜಿಯ ಕಾಲಕ್ಕೆ ಕ್ಯಾಂಟನ್ ಸೀಮೆಯಿಂದ ಬಂದವರಂತೆ. ಮದುವೆಯಾಗಿ ಆರ್.ಟಿ. ನಗರಕ್ಕೆ ಬಂದು, ಬ್ಯೂಟಿ ಪಾರ್ಲರ್ ನಡೆಸುತ್ತಾ ಗಿರಾಕಿಗಳಿಂದಲೇ ಕನ್ನಡ ಕಲಿತಿದ್ದರು. ಮಂಗಳವಾರ ಯಾರೂ ಕೂದಲು ಕತ್ತರಿಸಿಕೊಳ್ಳುವುದಿಲ್ಲವಲ್ಲ, ಅವತ್ತು ಈ ಸೀಗಡಿ ಕಡುಬು, ಅವರ ಮಾತಿನಲ್ಲಿ 'ಹಾರ್ ಗೌ', ಮಾಡುತ್ತಿದ್ದರು.

ಅಟ್ಟೂರಿನಲ್ಲಿ ಊಟ-ತಿಂಡಿಯ ಆರ್ಡರ್ ಹಿಡಿದು ಮೇಲೆ ಬಂದವಳು ನಾನು. ಇದನ್ನೂ ಕಲಿತು ಮಾರೋಣವೆಂದು ಆರು ಮಂಗಳವಾರ ಅವರ ಪಕ್ಕ ನಿಂತೆ. ಸೀಗಡಿಗೆ ಉಪ್ಪು ಹಾಕಿ ಉಜ್ಜಿ, ತಣ್ಣೀರಿನಲ್ಲಿ ತೊಳೆದು ತೊಳೆದು, ಬಟ್ಟೆಯಲ್ಲಿ ಒತ್ತಿ ಒಣಗಿಸುವರು. "ಕಚ್ಚಿದ್ರೆ ಕಟುಂ ಅನ್ಬೇಕು. ಮೆತ್ತಗಿದ್ರೆ ಬೆಕ್ಕಿಗೆ ಹಾಕು." ಮೊಂಡು ಕತ್ತಿಯ ಮೈಗೆ ಎಣ್ಣೆ ಸವರಿ, ಹಿಟ್ಟಿನ ಉಂಡೆಯ ಮೇಲೆ ಒತ್ತಿ ತಿರುಗಿಸಿದರೆ ಹಾಳೆ ಸಿದ್ಧ. ಹಿಟ್ಟು ಕಲಸುವುದನ್ನು ಮಾತ್ರ ನಾನು ಗಮನಿಸಲಿಲ್ಲ. ಆ ಹೊತ್ತಿಗೆ ಫೋನಿನಲ್ಲಿ ವ್ಯಾಪಾರ ಮಾತಾಡುತ್ತಿದ್ದೆ.

ಕೆಲವು ತಿಂಗಳ ಮೇಲೆ ಹೆಬ್ಬಾಳದ ಒಂದು ಹೋಟೆಲಿನವರು ರುಚಿ ನೋಡಲು ನಲವತ್ತು ಕಡುಬು ಕೇಳಿದರು. ಒಪ್ಪಿದರೆ ನನ್ನ ಜೊತೆಗಿದ್ದ ಇಬ್ಬರು ಹೆಂಗಸರಿಗೂ ವರ್ಷಪೂರ್ತಿ ಕೆಲಸ. ಗಣೇಶನ ಹಬ್ಬಕ್ಕೆ ಮೋದಕ ಮಾಡುವ ಕೈಗೆ ಇದ್ಯಾವ ಮಹಾ ಎಂದುಕೊಂಡು, ಅಕ್ಕಿಹಿಟ್ಟು ಉಕ್ಕರಿಸುವ ಹಾಗೆ ಒಲೆಯ ಮೇಲಿನ ಕುದಿನೀರಿಗೇ ಹಿಟ್ಟು ಸುರಿದೆ. ಅದು ಅಕ್ಕಿಹಿಟ್ಟಲ್ಲ, ಅಂಟು ತೆಗೆದ ಗೋಧಿಹಿಟ್ಟು. ಹಬೆಯಲ್ಲಿಟ್ಟ ಕಡುಬೆಲ್ಲ ಬಾಯಿಬಿಟ್ಟವು. ಆಂಟಿಗೆ ಫೋನ್ ಮಾಡಿದೆ.

"ಮೇಲೆ ಸಾಸ್ ಹಾಕಿ ಕಳಿಸಿಬಿಡ್ಲಾ ಆಂಟಿ?"

"ಸಾಸಲ್ಲಿ ಮುಚ್ಚೋದಾದ್ರೆ ಸೀಗಡಿ ಯಾಕಮ್ಮ, ಬದನೆಕಾಯಿ ತುಂಬು. ಇರು, ಬರ್ತೀನಿ."

ಪಾರ್ಲರಿಗೆ ಬೀಗ ಹಾಕಿ ಆಟೋದಲ್ಲಿ ಬಂದರು. ಆದರೆ ಹಿಟ್ಟು ಮುಟ್ಟಲಿಲ್ಲ. ಅವರ ಕೈ ನಡುಗಲು ಶುರುವಾಗಿದೆಯೆಂದು ನನಗೆ ಅವತ್ತೇ ಗೊತ್ತಾದದ್ದು. ಕುರ್ಚಿ ಹಾಕಿಸಿಕೊಂಡು ಕೂತರು.

"ಇದು ನಿಮ್ಮ ಮೋದಕ ಅಲ್ಲ ಕಣೇ. ನೀರು ಹಿಟ್ಟಿಗೆ ಹೋಗ್ಬೇಕು, ಹಿಟ್ಟು ನೀರಿಗಲ್ಲ. ಒಂದೇ ಸಲಕ್ಕೆ ಹುಯ್ಯಿ, ಕಲಸು, ಮುಚ್ಚಿಡು. ಹೆದ್ರಿಕೊಂಡು ಸ್ವಲ್ಪ ಸ್ವಲ್ಪ ಹಾಕಿದ್ರೆ ಹಿಟ್ಟಿಗೆ ಗೊತ್ತಾಗತ್ತೆ."

ಎರಡನೇ ಸಲ ಮೂವತ್ತೊಂದು ನೆಟ್ಟಗೆ ಬಂದವು. ಒಡೆದ ಒಂಬತ್ತನ್ನು ಸೇರಿಸಲು ಆಂಟಿ ಬಿಡಲಿಲ್ಲ. "ಮೂವತ್ತೊಂದೇ ಕಳ್ಸು. ಕೇಳಿದ್ರೆ ಒಡೀತು ಅನ್ನು." ಹಾಗೆಯೇ ಹೇಳಿದೆ. ಹೋಟೆಲಿನವರು ಒಪ್ಪಿಕೊಂಡರು. ಒಡೆದದ್ದನ್ನು ನಾವು ನಾಲ್ವರೂ ನಿಂತೇ ತಿಂದೆವು. "ಒಡೆದಿದ್ದೂ ರುಚಿನೇ. ಆದ್ರೆ ಅದು ಮನೆಯವ್ರಿಗೆ" ಎಂದು ಆಂಟಿ ನಕ್ಕರು.

ಹೊರಡುವಾಗ, "ಮಂಗಳವಾರ ಬಾ, ಮೂಲಂಗಿ ಕಡುಬು ಹೇಳ್ಕೊಡ್ತೀನಿ" ಎಂದರು. ಆ ಮಂಗಳವಾರ ನಾನು ಅಗ್ಗದ ಹಳೇ ಸ್ಟೀಮರ್ ನೋಡಲು ಗೊರಗುಂಟೆಪಾಳ್ಯಕ್ಕೆ ಹೋದೆ. ಮುಂದಿನ ವಾರ ಇನ್ನೊಂದು ಕೆಲಸ. ಹೀಗೇ ಮುಂದೂಡುತ್ತಾ ಹೋದೆ. ಕಳೆದ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಇವತ್ತು ನನ್ನ ಅಡುಗೆಮನೆಯಲ್ಲಿ ಐದು ಹೆಂಗಸರು ಹಾರ್ ಗೌ ನೆರಿಗೆ ಹಿಡಿಯುತ್ತಾರೆ. ಮೂಲಂಗಿ ಕಡುಬು ಯಾರಿಗೂ ಬರುವುದಿಲ್ಲ. ಮೊಬೈಲಿನಲ್ಲಿ ನೋಡಿ ಮಾಡಿದ್ದೇನೆ, ತಿನ್ನಬಹುದು, ಅಷ್ಟೇ.

ಆದ್ದರಿಂದ ನನ್ನ ಮಾತು ಕೇಳಿ: ಕೈಕೆಲಸ ಬಲ್ಲವರು ಬಾ ಎಂದರೆ ಆ ದಿನವೇ ಹೋಗಿ. ಸ್ಟೀಮರ್ ನಾಳೆಯೂ ಸಿಗುತ್ತದೆ, ಪ್ರಾಯಶಃ ಇನ್ನೂ ಅಗ್ಗಕ್ಕೆ.