ಹೆಬ್ಬಾತು ಏಳುವ ಹೊತ್ತು

ಮೊನ್ನೆ ಹೆಂಡತಿ ಹೊಸ ಕೈಮಗ್ಗದ ಸೀರೆಯ ಮಡಿಕೆ ಬಿಚ್ಚಿದಳು. ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ, ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನೇಕಾರ ಕಾಕಾ ಎದುರು ಬಂದು ನಿಂತಂತಾಯಿತು. ಅವರ ಅಂಗಿಗೆಲ್ಲ ಅದೇ ವಾಸನೆ...

ಕಾಕಾಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಕಣ್ಣಿನ ನರ ಒಣಗುತ್ತಿದೆ, ಕಾಣುವಷ್ಟು ದಿನ ಕಾಣುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರೊಳಗೆ, ಚಳಿಗಾಲಕ್ಕೆ ಹಿಮಾಲಯ ದಾಟಿ ಮಾಗಡಿ ಕೆರೆಗೆ ಬರುವ ಹೆಬ್ಬಾತುಗಳು ಹೊತ್ತು ಮುಳುಗುವಾಗ ಒಮ್ಮೆಲೇ ಮೇಲೇಳುವುದನ್ನು ನೋಡಬೇಕೆಂಬುದು ಅವರ ಆಸೆ. ಒಂದು ಮಧ್ಯಾಹ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ದಾರಿಯುದ್ದಕ್ಕೂ ನನಗೆ ಪಂಕ್ಚರಿನದೇ ಚಿಂತೆ.

ದಂಡೆಯ ಮೇಲೆ ಕುಳಿತು, ಬೆಳ್ಳಗೆ ಕಂಡದ್ದಕ್ಕೆಲ್ಲ ಕಡಲಹಕ್ಕಿ ಎಂದು ಹೆಸರಿಟ್ಟೆ. ಅದರಲ್ಲೊಂದು ಪ್ಲಾಸ್ಟಿಕ್ ಚೀಲವಾಗಿತ್ತು. ಆಮೇಲೆ ಹೆಬ್ಬಾತುಗಳತ್ತ ಕೈ ತೋರಿಸಿ, "ಇವು ಪರದೇಶಿ ಹಕ್ಕಿ ನೋಡ್ರಿ ಕಾಕಾ" ಎಂದೆ. ನಮ್ಮ ಕಡೆ ದಿಕ್ಕಿಲ್ಲದವರನ್ನು ಪರದೇಶಿ ಎನ್ನುತ್ತಾರೆಂಬುದು ಮಾತು ಜಾರಿದ ಮೇಲೆ ನೆನಪಾಯಿತು.

"ಇಷ್ಟ ಬಳಗ ಕಟ್ಕೊಂಡು ಬಂದಾವು, ಅವು ಹೆಂಗ ಪರದೇಶಿ ಅಕ್ಕಾವಲೇ? ಪರದೇಶಿ ನಿನ್ನ ಬಾಜೂಕ ಕುಂತೈತಿ ನೋಡು" ಎಂದು ಅವರು ನಕ್ಕರು. ಏನು ಮಾಡಬೇಕೋ ತಿಳಿಯದೆ ನಾನೂ ನಕ್ಕೆ.

"ಒಂದೊಂದು ಹಕ್ಕಿ ನನಗ ಕಾಣಂಗಿಲ್ಲಪಾ" ಎಂದರು ಕಾಕಾ. "ಎಲ್ಲಾ ಕೂಡಿ ಎದ್ದರ ಕಾಣತಾವು."

ಐದು ಗಂಟೆಗೆ ಪಡುವಣದಲ್ಲಿ ಅಂಗೈಯಗಲದ ಮೋಡ ಕಂಡಿತು.

"ಮಳಿ ಬರತೈತ್ರಿ ಕಾಕಾ, ಜಲ್ದಿ ಏಳ್ರಿ."

"ಇನ್ನೊಂದೀಟು ತಡಿಯಲೇ."

ತಡೆಯಲಿಲ್ಲ. ಕೈ ಹಿಡಿದು ಎಬ್ಬಿಸಿಕೊಂಡು ಬಂದೆ. ಮಳೆ ಬರಲಿಲ್ಲ.

ಬೇಸಿಗೆಯ ಹೊತ್ತಿಗೆ ಅವರ ಕಣ್ಣು ಪೂರಾ ಹೋಯಿತು. ಮುಂದಿನ ಚಳಿಗಾಲ ಮತ್ತೆ ಕರೆದರೆ, "ನಾ ಬಂದೇನ ಮಾಡ್ಲಿ? ನೀನ ನೋಡಿ ಬಂದು ಹೇಳು" ಎಂದರು. ಹೋದೆ. ಕತ್ತಲಲ್ಲಿ ಸ್ಕೂಟರಿನ ದೀಪ ಕೈಕೊಟ್ಟರೆ ಗತಿಯೇನು ಎಂದು ಅಂಜಿ, ಹಕ್ಕಿಗಳು ಏಳುವ ಮೊದಲೇ ಮರಳಿದೆ. ಅವರೆದುರು ಕೂತು, ಎದ್ದವು, ಆಕಾಶವೇ ತುಂಬಿತು ಎಂದೆಲ್ಲ ಕಟ್ಟಿ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

"ಸಪ್ಪಳ ಹೆಂಗಿತ್ತು?"

ನಾನು ಕಿಸೆಯಿಂದ ಸ್ಕೂಟರಿನ ಕೀಲಿ ತೆಗೆದು ಎದ್ದೆ.

"ಇರ್ಲಿ ಬಿಡು. ಚಾ ಕುಡಿ" ಎಂದು ತಡಕಾಡುತ್ತ ಲೋಟವನ್ನು ನನ್ನ ಕಡೆ ಸರಿಸಿದರು... ಆ ವರ್ಷ ಹೆಬ್ಬಾತುಗಳು ಮರಳಿ ಹೋಗುವ ಮೊದಲೇ ಕಾಕಾ ತೀರಿಕೊಂಡರು.

ನಿನ್ನೆ ಒಬ್ಬನೇ ಕೆರೆಗೆ ಹೋಗಿ ಕತ್ತಲಾಗುವವರೆಗೂ ನಿಂತೆ. ಎದ್ದವು. ಮನೆಗೆ ಬಂದಾಗ ಹೆಂಡತಿ, "ಹೆಂಗಿತ್ರಿ?" ಎಂದಳು. ಆ ಸಪ್ಪಳ ಹೇಗಿತ್ತೆಂದು ಹೇಳಲು ಬಾಯಿ ತೆರೆದೆ. ಅದು ಅವಳಿಗೆ ಹೇಳುವ ಮಾತಾಗಿರಲಿಲ್ಲ.