ಇರುವೆ ಮೂಸದ ಸೇಂದಿ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟ ನಮ್ಮ ಬಸ್ಸು ಮಸ್ಕಿ ದಾಟಿದ ಮೇಲೆ ಕೆಟ್ಟು ನಿಂತಿತು. ರಸ್ತೆ ಪಕ್ಕದ ಈಚಲ ಗಿಡಗಳ ಕೆಳಗೆ ಒಬ್ಬ ಮುದುಕಿ ಸೇಂದಿ ಮಾರುತ್ತಿದ್ದಳು. ಗಡಿಗೆಯಲ್ಲಿ ಗಿಡದಿಂದ ಇಳಿಸಿದ್ದು, ಸೀಸೆಗಳಲ್ಲಿ ಅಂಗಡಿಯದು.

"ಎರಡಕ್ಕೂ ರುಚಿ ಬ್ಯಾರೆ ಇರತೈತೇನವ್ವಾ?" ಎಂದೆ.

"ಕಣ್ಣು ಮುಚ್ಚಿ ಕುಡದು ನೀವ ಹೇಳ್ರಿ ಯಜಮಾನ್ರ."

ಕಣ್ಣು ಮುಚ್ಚಿದೆ; ಅವಳು ಒಂದಾದ ಮೇಲೊಂದು ಎರಡು ದೊನ್ನೆ ತುಂಬಿ ಕೈಗಿಟ್ಟಳು. ರೂಢಿಯಂತೆ ಪ್ರತಿ ದೊನ್ನೆಯಿಂದಲೂ ಹಿರಿಯರ ಹೆಸರಿನಲ್ಲಿ ಒಂದಿಷ್ಟು ನೆಲಕ್ಕೆ ಚೆಲ್ಲಿ ಕುಡಿದೆ. ಮೊದಲನೆಯದು ಹುಳಿಹುಳಿ. ಎರಡನೆಯದು ಸಿಹಿಯಾಗಿ, ನುಣ್ಣಗೆ ಗಂಟಲಿಗಿಳಿಯಿತು. "ಇದು ಗಿಡದ್ದು" ಎಂದೆ.

ಮುದುಕಿ ನಗಲಿಲ್ಲ. "ನೆಲ ನೋಡ್ರಿ" ಎಂದಳು. ಮೊದಲು ಚೆಲ್ಲಿದಲ್ಲಿ ಇರುವೆಗಳು ಮುತ್ತಿದ್ದವು. ಎರಡನೆಯದರ ಹತ್ತಿರ ಬಂದವು ಹಾಗೆಯೇ ತಿರುಗಿ ಹೋಗುತ್ತಿದ್ದವು. "ಮತ್ತಿನ ಪುಡಿ ಹಾಕಿದ್ದನ್ನ ಇರುವಿ ಮೂಸೂದಿಲ್ರಿ. ಮನಶಾರ ಮೋಸ ಹೋಗತಾರ."

ಅವಳ ಹಿಂದೆ ಒಬ್ಬ ಮುದುಕ ಕತ್ತು ಒಂದು ಕಡೆ ವಾಲಿಸಿಕೊಂಡು ಕೂತಿದ್ದ. ಖಾಲಿ ದೊನ್ನೆಯನ್ನು ಬಾಯಿಗೆತ್ತಿ ಗುಟುಕರಿಸುತ್ತಿದ್ದ. "ನಮ್ಮ ಮನಿಯವ್ರು. ಗೊರೇಬಾಳ ಕಾಲುವಿ ಹತ್ರ ಅಂಗಡ್ಯಾಗ ಕುಡೀತಿದ್ರು. ಅದು ಮುಚ್ಚಿದ ಮ್ಯಾಲ ಹಿಂಗಾಗ್ಯಾರ."

ಆ ಅಂಗಡಿ ನನ್ನದು. ಗಿಡದ ರುಚಿಯೇ ಬರಲೆಂದು ಪುಡಿ ಬೆರೆಸಿ, ನಾಲಿಗೆಯ ಮೇಲಿಟ್ಟು ನೋಡಿ ಮಾರಿದವನು ನಾನು. ಆ ನಾಲಿಗೆಗೆ ಈಗ ಯಾವುದು ಗಿಡದ್ದೆಂಬುದೇ ಮರೆತುಹೋಗಿದೆ.

ಡ್ರೈವರ್ ಹಾರ್ನ್ ಹೊಡೆದ. ಸುಮ್ಮನೆ ಬಸ್ಸು ಹತ್ತಿಬಿಡಬಹುದಿತ್ತು. "ಯವ್ವಾ, ಆ ಅಂಗಡಿ ನಂದ ಇತ್ತು" ಎಂದೆ.

"ಆಗಲೇ ಗೊತ್ತಾತ್ರಿ," ಎಂದಳು ಆಕೆ, ದೊನ್ನೆಗಳನ್ನು ಎತ್ತುತ್ತ. "ನಿಮ್ಮ ದನಿ ಕೇಳಿದಾಗಿಂದ ಅವ್ರು ದೊನ್ನಿ ಕೆಳಗಿಟ್ಟಿಲ್ಲ."

ಮುದುಕ ನನ್ನ ಕಡೆ ನೋಡದೆಯೇ ಖಾಲಿ ದೊನ್ನೆಯನ್ನು ನನ್ನತ್ತ ಚಾಚಿದ.